ಬಿಳಿ ಗೆರೆ ಒಡೆದು ಮೂರು ಬಣ್ಣವಾದಾಗ: ಮನೆಯಲ್ಲಿ ಕಟ್ಟಿದ ಲೇಸರ್ ಪ್ರೊಜೆಕ್ಟರ್‌ನ ದೋಷ ಹುಡುಕುವ ಬಗೆ

ಕಳೆದ ನವೆಂಬರಿನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಅಂತ ನನ್ನ ಲೇಸರ್ ಪ್ರೊಜೆಕ್ಟರನ್ನು ಸಮುದಾಯ ಭವನಕ್ಕೆ ಹೊತ್ತುಕೊಂಡು ಹೋದೆ. ಮನೆಯ ರೂಮಿನಲ್ಲಿ ಕರ್ನಾಟಕದ ನಕ್ಷೆ ಹಾಲಿನಂಥ ಬಿಳಿ ಗೆರೆಯಲ್ಲಿ ಬರುತ್ತಿತ್ತು. ಭವನದ ದೂರದ ಗೋಡೆಯ ಮೇಲೆ ಅದೇ ನಕ್ಷೆ ಮೂರಾಯಿತು. ಮಧ್ಯೆ ಕೆಂಪು, ಎಡಕ್ಕೆ ಹಸಿರು, ಬಲಕ್ಕೆ ನೀಲಿ. ಪಕ್ಕದ ಮನೆಯ ಮೇಷ್ಟ್ರು ನೋಡಿ, "ಏನಯ್ಯಾ, ಏಕೀಕರಣ ಇನ್ನೂ ಆಗಿಲ್ವಾ?" ಅಂದರು.

ಆಮೇಲೆ ಎರಡು ಭಾನುವಾರ ಸ್ಕ್ರೂ ತಿರುಗಿಸಿ ತಿರುಗಿಸಿ ಕಲಿತದ್ದು ಇಲ್ಲಿದೆ. ಮುಖ್ಯ ಮಾತು ಇಷ್ಟೇ: ಸ್ಕ್ರೂ ಮುಟ್ಟುವ ಮೊದಲು ಚುಕ್ಕೆಯನ್ನು ಎರಡು ಜಾಗದಲ್ಲಿ ನೋಡಬೇಕು. ಪೆಟ್ಟಿಗೆಯ ಹತ್ತಿರ ಒಂದು ಸಲ, ದೂರದ ಗೋಡೆಯಲ್ಲಿ ಒಂದು ಸಲ. ನಾನು ಒಂದೇ ಜಾಗದಲ್ಲಿ ನೋಡಿದ್ದೆ.

ನನ್ನ ಪೆಟ್ಟಿಗೆಯ ಜೋಡಣೆ ಹೀಗಿದೆ. ನಿಮ್ಮದೂ ಹೆಚ್ಚುಕಡಿಮೆ ಹೀಗೇ ಇರಬಹುದು. ಕೆಂಪು ಲೇಸರ್ (638 ನ್ಯಾನೋಮೀಟರ್) ನೇರ ಮುಂದಕ್ಕೆ ಹೋಗುತ್ತದೆ. ಅದರ ದಾರಿಯಲ್ಲಿ 45 ಡಿಗ್ರಿ ಓರೆಯಾಗಿ ಎರಡು ಡೈಕ್ರೋ ಕನ್ನಡಿ ನಿಂತಿವೆ. ಡೈಕ್ರೋ ಅಂದರೆ ಒಂದು ಬಣ್ಣವನ್ನು ದಾಟಲು ಬಿಟ್ಟು ಇನ್ನೊಂದನ್ನು ತಿರುಗಿಸಿ ಕಳಿಸುವ ಗಾಜು. ಮೊದಲನೆಯದು ಕೆಂಪನ್ನು ಬಿಡುತ್ತದೆ, ಹಸಿರನ್ನು (520) ತಿರುಗಿಸುತ್ತದೆ. ಎರಡನೆಯದು ಕೆಂಪು, ಹಸಿರು ಎರಡನ್ನೂ ಬಿಟ್ಟು ನೀಲಿಯನ್ನು (450) ತಿರುಗಿಸುತ್ತದೆ. ಮೂರೂ ಒಂದೇ ಬೀಮ್ ಆಗಿ ಗ್ಯಾಲ್ವೋಗೆ ಹೋಗುತ್ತವೆ. ಅಲ್ಲಿ ಎರಡು ಪುಟ್ಟ ಕನ್ನಡಿಗಳು ಅಲ್ಲಾಡಿ ಚಿತ್ರ ಬರೆಯುತ್ತವೆ.

## ಮುಚ್ಚಳ ತೆಗೆಯುವ ಮುಂಚೆ

500 ಮಿಲಿವ್ಯಾಟ್ ದಾಟಿದ ಲೇಸರ್ 4ನೇ ದರ್ಜೆಯದು. ನಾವು ಕಟ್ಟುವ ಪ್ರೊಜೆಕ್ಟರ್‌ಗಳು ಬಹುತೇಕ ಅದೇ ದರ್ಜೆಗೆ ಸೇರುತ್ತವೆ. ಕಣ್ಣು ಮಿಟುಕಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರೊಳಗೆ ರೆಟಿನಾ ಸುಟ್ಟಿರುತ್ತದೆ. ನೇರ ಬೀಮ್ ಮಾತ್ರ ಅಲ್ಲ, ವಾಚಿನ ಗಾಜು, ಬಳೆ, ಸ್ಕ್ರೂಡ್ರೈವರ್‌ನ ಹೊಳೆಯುವ ಕಡ್ಡಿಗೆ ತಾಗಿ ಚಿಮ್ಮಿದ್ದೂ ಸಾಕು. ದರ್ಜೆ 4ರಲ್ಲಿ ಗೋಡೆಯ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ದಿಟ್ಟಿಸುವುದೂ ಅಪಾಯವೇ.

ಹಾಗಾಗಿ ನನ್ನ ಕ್ರಮ ಹೀಗೆ. ಉಂಗುರ, ವಾಚು ಬಿಚ್ಚಿಡುತ್ತೇನೆ. ಬಾಗಿಲ ಚಿಲಕ ಹಾಕುತ್ತೇನೆ. ಮಕ್ಕಳಿದ್ದರೆ ಇದು ಮೊದಲನೆಯ ಕೆಲಸ. ಬೀಮ್ ಸೊಂಟದ ಎತ್ತರದಲ್ಲಿ ಇರುವಂತೆ ಪೆಟ್ಟಿಗೆ ಇಡುತ್ತೇನೆ, ನಾನು ಸ್ಟೂಲ್ ಹಾಕಿಕೊಂಡು ಕೂರುವುದಿಲ್ಲ. ಕೂತರೆ ಕಣ್ಣು ಬೀಮಿನ ಎತ್ತರಕ್ಕೆ ಬರುತ್ತದೆ. ಪವರ್ ಆದಷ್ಟೂ ತಗ್ಗಿಸಿ, ಒಂದು ಸಲಕ್ಕೆ ಒಂದೋ ಎರಡೋ ಬಣ್ಣ ಮಾತ್ರ ಉರಿಸುತ್ತೇನೆ.

ಕನ್ನಡಕದ ಬಗ್ಗೆ ಒಂದು ಮಾತು. ಹಸಿರು, ನೀಲಿ ತಡೆಯುವ ಕಿತ್ತಳೆ ಬಣ್ಣದ ಲೇಸರ್ ಕನ್ನಡಕ ಕೆಂಪನ್ನು ತಡೆಯುವುದಿಲ್ಲ. ಮೂರನ್ನೂ ತಡೆಯುವ ಕನ್ನಡಕ ಹಾಕಿದರೆ ಚುಕ್ಕೆಯೇ ಕಾಣದು. ಅದಕ್ಕೇ ಯಾವ ಬಣ್ಣ ಹೊತ್ತಿದೆಯೋ ಅದಕ್ಕೆ ಬೇಕಾದ ತರಂಗಾಂತರ ಮತ್ತು ಓಡಿ (OD, ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ) ಅಂಕಿ ಅಚ್ಚಾಗಿರುವ ಕನ್ನಡಕವನ್ನೇ ಹಾಕಬೇಕು. ಅಂಕಿ ಇಲ್ಲದ ಸಾದಾ ಬಣ್ಣದ ಪ್ಲಾಸ್ಟಿಕ್ ಕನ್ನಡಕ ನಂಬಬೇಡಿ. 532 ನ್ಯಾನೋಮೀಟರಿನ ಹಳೇ ಹಸಿರು ಮಾಡ್ಯೂಲ್ (ಲೇಸರ್ ಕೂತಿರುವ ಡಬ್ಬಿ) ಇದ್ದರೆ ಇನ್ನೂ ಜಾಸ್ತಿ ಹುಷಾರು. ಅದರೊಳಗೆ 808 ಮತ್ತು 1064 ನ್ಯಾನೋಮೀಟರ್‌ನ ಕಣ್ಣಿಗೆ ಕಾಣದ ಬೆಳಕು ಇರುತ್ತದೆ. ಫಿಲ್ಟರ್ ಕಳಪೆಯಾದರೆ ಅದೂ ಹೊರಬರುತ್ತದೆ.

## ಒಂದು ಬಣ್ಣ ಬರುತ್ತಲೇ ಇಲ್ಲ

ಇದು ಹೆದರಿಸುವ ದೋಷ, ಆದರೆ ಸಾಮಾನ್ಯವಾಗಿ ಕಾಸಿಲ್ಲದೆ ಸರಿಹೋಗುತ್ತದೆ. ಮೊದಲು ಸಾಫ್ಟ್‌ವೇರ್‌ನಲ್ಲಿ ಆ ಬಣ್ಣದ ಸ್ಲೈಡರ್ ಸೊನ್ನೆಯಲ್ಲಿದೆಯಾ ನೋಡಿ. ಆಮೇಲೆ ಪ್ರೊಜೆಕ್ಟರಿಗೆ ಸಿಗ್ನಲ್ ತರುವ 25 ಪಿನ್ನಿನ ಇಲ್ಡಾ (ILDA) ಕೇಬಲ್. ಅದರಲ್ಲಿ ಕೆಂಪು 5ನೇ ಪಿನ್, ಹಸಿರು 6, ನೀಲಿ 7. ಮೂರೂ ಬಣ್ಣ ಒಟ್ಟಿಗೆ ಹೋಗಿದ್ದರೆ 4 ಮತ್ತು 17ನೇ ಪಿನ್ನಿನ ಇಂಟರ್‌ಲಾಕ್ (ಬಿಟ್ಟುಹೋದರೆ ಲೇಸರನ್ನೇ ಆರಿಸುವ ಸುರಕ್ಷತೆಯ ತಂತಿ) ತುಂಡಾಗಿರಬಹುದು.

ಬರದಿರುವುದು ಕೆಂಪು ಅಂತಿಟ್ಟುಕೊಳ್ಳಿ. ಕೇಬಲ್ ಸರಿಯಿದ್ದರೆ ಪವರ್ ಆಫ್ ಮಾಡಿ, ಒಳಗೆ ಕೆಂಪು ಡ್ರೈವರ್‌ಗೆ (ಲೇಸರಿಗೆ ಕರೆಂಟ್ ಕೊಡುವ ಬೋರ್ಡ್) ಬರುವ ಸಿಗ್ನಲ್ ವೈರನ್ನು ಹಸಿರಿನ ಜೊತೆ ಅದಲುಬದಲು ಮಾಡಿ. ಎರಡೂ 0ರಿಂದ 5 ವೋಲ್ಟಿನ ಅನಲಾಗ್ ಡ್ರೈವರ್ ಆಗಿದ್ದರೆ ಮಾತ್ರ ಹೀಗೆ ಮಾಡಿ. ಈಗ ಕೆಂಪು ಬಂದು ಹಸಿರು ಹೋದರೆ ತಪ್ಪು ಸಿಗ್ನಲ್ಲಿನದು. ಕೆಂಪು ಆಗಲೂ ಬರದಿದ್ದರೆ ಡ್ರೈವರ್ ಅಥವಾ ಡಯೋಡ್ (ಬೆಳಕು ಹುಟ್ಟಿಸುವ ಪುಟ್ಟ ಭಾಗ) ಕೆಟ್ಟಿದೆ.

ಡಯೋಡ್ ಸತ್ತಿದ್ದರೆ ಗುರುತು ಸುಲಭ. ಬೀಮ್ ಇರುವುದಿಲ್ಲ, ಲೆನ್ಸಿನಲ್ಲಿ ಮಂಕಾದ ಕೆಂಪು ಬೆಳಕು ಮಾತ್ರ, ಸುಮ್ನೆ ಒಂದು ಎಲ್‌ಇಡಿ ಉರಿದಂತೆ. ಇದನ್ನೂ ಕಾಗದದ ಮೇಲೆ ಬೀಳಿಸಿ ನೋಡಬೇಕು, ಲೆನ್ಸಿನೊಳಗೆ ಇಣುಕಬಾರದು. ಇಂಥ ಡಯೋಡ್ ಮತ್ತೆ ಬದುಕುವುದಿಲ್ಲ. ಬಹಳ ಸಲ ಕೈಯಿಂದ ಹಾರಿದ ಸ್ಟಾಟಿಕ್ ಕರೆಂಟೇ ಕೊಂದಿರುತ್ತದೆ. ಹೊಸದನ್ನು ಬೆಸುಗೆ ಹಾಕುವಾಗ ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಳ್ಳಿ.

## ಬಿಳಿ ಗೆರೆಯ ಅಂಚಿನಲ್ಲಿ ಬಣ್ಣ ಇಣುಕುತ್ತದೆ

ಜಾಸ್ತಿ ಜನ ಇಲ್ಲೇ ಒದ್ದಾಡುವುದು. ನೇರ ಕನ್ನಡಿಯ ಸ್ಕ್ರೂಗೆ ಕೈ ಹಾಕುತ್ತಾರೆ. ತಡೆಯಿರಿ. ಮುಚ್ಚಳ ತೆಗೆಯದೆ ಮಾಡುವ ಒಂದು ಪರೀಕ್ಷೆ ಇದೆ.

ಗೋಡೆಯ ಮೇಲೆ ಒಂದು ಬಿಳಿ ಚೌಕ ಬರೆಸಿ. ಚೌಕದ ನಾಲ್ಕೂ ಗೆರೆಗಳಲ್ಲಿ ಹಸಿರು ಒಂದೇ ದಿಕ್ಕಿಗೆ ಸರಿದಿದೆಯಾ? ಅಂದರೆ ಇಡೀ ಹಸಿರು ಚೌಕವೇ ಎಡಕ್ಕೆ ಜರುಗಿ ನಿಂತಂತೆ ಇದೆಯಾ? ಹಾಗಿದ್ದರೆ ಬೀಮ್‌ಗಳು ಕೂಡಿಲ್ಲ, ಕನ್ನಡಿ ಸರಿಮಾಡಬೇಕು. ಅದರ ಬದಲು ಗೆರೆಯ ಮಧ್ಯೆ ಬಿಳಿ ಚೆನ್ನಾಗಿದ್ದು, ಗೆರೆ ಶುರುವಾಗುವಲ್ಲಿ ಒಂದು ಬಣ್ಣ, ಮುಗಿಯುವಲ್ಲಿ ಇನ್ನೊಂದು ಬಣ್ಣ ಚಾಚಿಕೊಂಡಿದ್ದರೆ ಕನ್ನಡಿಯದ್ದೇನೂ ತಪ್ಪಿಲ್ಲ. ಅದು ಹೊತ್ತಿನ ದೋಷ. ಒಂದು ಲೇಸರ್ ಉಳಿದವುಗಳಿಗಿಂತ ಕೊಂಚ ತಡವಾಗಿ ಹೊತ್ತಿ ತಡವಾಗಿ ಆರುತ್ತಿದೆ. 532ರ ಮಾಡ್ಯೂಲ್‌ಗಳಲ್ಲಿ ಇದು ಮಾಮೂಲು.

ಅನುಮಾನ ಉಳಿದರೆ ಸ್ಕ್ಯಾನ್ ವೇಗವನ್ನು ಅರ್ಧ ಮಾಡಿ. ಬಣ್ಣದ ಬಾಲ ಗಿಡ್ಡವಾದರೆ ಹೊತ್ತಿನ ದೋಷ ಖಚಿತ. ಹಾಗೇ ಇದ್ದರೆ ಕನ್ನಡಿಯದು. ಹೊತ್ತಿನ ದೋಷಕ್ಕೆ ಸಾಫ್ಟ್‌ವೇರ್‌ನಲ್ಲಿ ಕಲರ್ ಶಿಫ್ಟ್ ಅಂತ ಒಂದು ಅಂಕಿ ಇರುತ್ತದೆ. ಒಂದೊಂದೇ ಹೆಜ್ಜೆ ಬದಲಿಸಿ ನೋಡಿ. ಎರಡು ನಿಮಿಷದ ಕೆಲಸ.

ಕನ್ನಡಿಯದೇ ದೋಷ ಅಂತಾದರೆ ಈಗ ಮುಚ್ಚಳ ತೆಗೆಯೋಣ. ನನಗೆ ಭವನದಲ್ಲಿ ಆದದ್ದೇನು ಅಂತ ಲೆಕ್ಕ ಹಾಕಿ ನೋಡಿದರೆ ಮರ್ಮ ಗೊತ್ತಾಗುತ್ತದೆ. ನನ್ನ ರೂಮಿನ ಗೋಡೆ 3 ಮೀಟರ್ ದೂರ, ಭವನದ್ದು 15. ಹಸಿರು ಬೀಮ್ ಪೆಟ್ಟಿಗೆಯ ಬಾಯಲ್ಲಿ ಕೆಂಪಿಗಿಂತ 2 ಮಿಲಿಮೀಟರ್ ಬಲಕ್ಕಿತ್ತು. ಗೋಡೆಯಲ್ಲಿ 2 ಮಿಲಿಮೀಟರ್ ಎಡಕ್ಕಿತ್ತು. ಚುಕ್ಕೆಗಳೇ ದಪ್ಪ, ಹಾಗಾಗಿ ಅದು ಕಣ್ಣಿಗೆ ಬೀಳಲಿಲ್ಲ. ಆದರೆ 3 ಮೀಟರಿಗೆ 4 ಮಿಲಿಮೀಟರ್ ಸರಿಯುವ ಬೀಮ್ 15 ಮೀಟರಿಗೆ 20 ಮಿಲಿಮೀಟರ್ ಸರಿಯುತ್ತದೆ. ಬಲದ 2 ಕಳೆದರೆ ಎಡಕ್ಕೆ 18 ಮಿಲಿಮೀಟರ್. ನೀಲಿ ಇದೇ ಲೆಕ್ಕದಲ್ಲಿ ಆ ಕಡೆ. ಮೂರು ಕರ್ನಾಟಕ ಆಗದೆ ಇನ್ನೇನು?

ಎರಡು ಬೀಮ್ ನಿಜವಾಗಿ ಕೂಡಬೇಕಾದರೆ ಹತ್ತಿರವೂ ಒಂದೇ ಜಾಗದಲ್ಲಿರಬೇಕು, ದೂರದಲ್ಲೂ ಒಂದೇ ಜಾಗದಲ್ಲಿರಬೇಕು. ಎತ್ತಿನಗಾಡಿಯ ಎರಡು ಚಕ್ರದ ಜಾಡು ಎಲ್ಲೂ ಒಂದನ್ನೊಂದು ದಾಟುವುದಿಲ್ಲ ಅಲ್ವಾ? ಹಾಗೆ. ಇಲ್ಲಿ ಎರಡು ಜಾಡೂ ಒಂದರ ಮೇಲೊಂದು ಬೀಳಬೇಕು, ಅಷ್ಟೇ ವ್ಯತ್ಯಾಸ.

ಹತ್ತಿರ ನೋಡಲು ಎರಡನೇ ಡೈಕ್ರೋ ಆದ ಮೇಲೆ, ಗ್ಯಾಲ್ವೋ ಮುಂಚೆ, ಒಂದು ಮಾಸಲು ಕಪ್ಪು ರಟ್ಟಿನ ಚೂರು ನಿಲ್ಲಿಸಿ. ದೂರ ನೋಡಲು ಕನಿಷ್ಠ 8ರಿಂದ 10 ಮೀಟರ್ ಬೇಕು. ಮನೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ರಾತ್ರಿ ಹಜಾರದಿಂದ ಅಡುಗೆಮನೆಯ ಗೋಡೆಗೆ ಬಿಡಿ. ಸ್ಟೀಲ್ ಪಾತ್ರೆಗಳನ್ನು ಮೊದಲೇ ಎತ್ತಿಡಿ, ಮರೆಯಬೇಡಿ. ಗ್ಯಾಲ್ವೋ ಚಾಲೂ ಇರಲಿ, ಸಾಫ್ಟ್‌ವೇರ್‌ನಲ್ಲಿ ನಡುಮಧ್ಯದ ಚುಕ್ಕೆ ಕೊಡಿ.

ಈಗ ಯಾವ ಸ್ಕ್ರೂ? ಇದಕ್ಕೆ ಒಂದೇ ಸೂತ್ರ. ಹತ್ತಿರ ತಪ್ಪಿದ್ದರೆ ಆ ಬಣ್ಣದ ಮಾಡ್ಯೂಲನ್ನು, ಅಥವಾ ಅದಕ್ಕೂ ಡೈಕ್ರೋಗೂ ನಡುವೆ ಕನ್ನಡಿ ಇದ್ದರೆ ಅದನ್ನು, ಸರಿಸಿ. ದೂರ ತಪ್ಪಿದ್ದರೆ ಆ ಬಣ್ಣದ ಡೈಕ್ರೋವನ್ನು ತಿರುಗಿಸಿ. ಒಂದನ್ನು ಸರಿಮಾಡಿದರೆ ಇನ್ನೊಂದು ಸ್ವಲ್ಪ ಕೆಡುತ್ತದೆ. ಗಾಬರಿ ಬೇಡ. ಹತ್ತಿರ, ದೂರ, ಮತ್ತೆ ಹತ್ತಿರ, ಮತ್ತೆ ದೂರ. ನಾಲ್ಕೈದು ಸುತ್ತಿನಲ್ಲಿ ಎರಡೂ ಕೂಡುತ್ತವೆ.

ಕೆಂಪನ್ನು ಮುಟ್ಟಬೇಡಿ. ಅದೇ ನಮ್ಮ ಗೂಟ. ಮೊದಲು ಕೆಂಪು ಗ್ಯಾಲ್ವೋ ಕನ್ನಡಿಯ ನಡುಮಧ್ಯೆ ಬೀಳುವಂತೆ ನಿಲ್ಲಿಸಿ, ಆಮೇಲೆ ಹಸಿರನ್ನು ಕೆಂಪಿಗೆ, ಕೊನೆಗೆ ನೀಲಿಯನ್ನು ಕೆಂಪಿಗೆ ಕೂಡಿಸಿ. ಡೈಕ್ರೋ ತಿರುಗಿಸಿದಾಗ ಅದರ ಮೂಲಕ ದಾಟಿ ಹೋಗುವ ಬೀಮಿನ ದಿಕ್ಕು ಬದಲಾಗುವುದಿಲ್ಲ, ತಿರುಗಿ ಬರುವ ಬೀಮ್ ಮಾತ್ರ ಓಡುತ್ತದೆ. ನೀವು ತಿರುಗಿಸಿದ ಸ್ಕ್ರೂಗೆ ಕೆಂಪು ಎದ್ದುಬಿದ್ದು ಓಡಿದರೆ ತಪ್ಪು ಸ್ಕ್ರೂ ಹಿಡಿದಿದ್ದೀರಿ ಅಂತ ಅರ್ಥ.

ಎಷ್ಟು ತಿರುಗಿಸಬೇಕು ಅನ್ನುವುದಕ್ಕೂ ಒಂದು ಅಂದಾಜು ಬೇಕು. ನನ್ನ ಮೌಂಟ್‌ನಲ್ಲಿ ಎಂ3 ಸ್ಕ್ರೂ. ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ತಿರುಗುವ ಬಿಂದುವಿನಿಂದ ಸ್ಕ್ರೂ 30 ಮಿಲಿಮೀಟರ್ ದೂರ. ಕನ್ನಡಿ ಓರೆಯಾದಷ್ಟಕ್ಕೆ ಬೀಮ್ ಅದರ ಎರಡರಷ್ಟು ಓರೆಯಾಗುತ್ತದೆ. ಲೆಕ್ಕ ಹಾಕಿದರೆ ಒಂದು ಪೂರ್ತಿ ಸುತ್ತಿಗೆ 10 ಮೀಟರ್ ದೂರದಲ್ಲಿ ಚುಕ್ಕೆ ಸುಮಾರು 33 ಸೆಂಟಿಮೀಟರ್ ಹಾರುತ್ತದೆ. ಅಂದರೆ ಒಂದು ಸುತ್ತಿನ ಹತ್ತನೇ ಒಂದು ಭಾಗಕ್ಕೇ ಮೂರು ಸೆಂಟಿಮೀಟರ್ ಮೇಲೆ! ಸ್ಕ್ರೂ ತಿರುಗಿಸುವುದಲ್ಲ, ಅದಕ್ಕೆ ಬೆರಳು ತಾಗಿಸುವುದು ಅಂತ ತಿಳಿದುಕೊಳ್ಳಿ. ಉದ್ದ ಹಿಡಿಯ ಅಲೆನ್ ಕೀ ಇದ್ದರೆ ಕೈ ನಡುಗುವುದು ಅಷ್ಟು ಗೊತ್ತಾಗುವುದಿಲ್ಲ.

ಎಲ್ಲ ಕೂಡಿದ ಮೇಲೆ ಬಿಗಿ ಸ್ಕ್ರೂ ತಿರುಗಿಸಿದ ಕೂಡಲೇ ಚುಕ್ಕೆ ಮತ್ತೆ ಜಾರುತ್ತದೆ. ಈ ಹಂತದಲ್ಲಿ ನಾನು ಒಂದು ಸಲ ಸ್ಕ್ರೂಡ್ರೈವರ್ ಎಸೆದಿದ್ದೇನೆ. ಉಪಾಯ ಏನೆಂದರೆ, ಗೋಡೆಯ ಮೇಲೆ ಕಣ್ಣಿಟ್ಟುಕೊಂಡೇ ಎರಡು ಕಡೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ಬಿಗಿಯಿರಿ. ಕೊನೆಗೆ ಸ್ಕ್ರೂ ತಲೆಗೆ ಒಂದು ಹನಿ ನೇಲ್ ಪಾಲಿಶ್. ಬೇಕೆಂದಾಗ ಕೆರೆದು ತೆಗೆಯಬಹುದು. ಹಾಟ್ ಗ್ಲೂ ಬೇಡವೇ ಬೇಡ, ಪೆಟ್ಟಿಗೆ ಬಿಸಿಯಾದರೆ ಮೆತ್ತಗಾಗುತ್ತದೆ. ಸೂಪರ್ ಗ್ಲೂ ಇನ್ನೂ ಕೆಟ್ಟದ್ದು, ಅದರ ಆವಿ ಪಕ್ಕದ ಗಾಜಿನ ಮೇಲೆ ಬೂದಿ ಬಳಿದಂತೆ ಬಿಳಿ ಪೊರೆ ಕಟ್ಟುತ್ತದೆ. ಒಂದು ಡೈಕ್ರೋ ಹಾಳಾದ ಮೇಲೆ ನನಗಿದು ಗೊತ್ತಾದದ್ದು.

## ನಡುವೆ ಬಿಳಿ, ಸುತ್ತ ಕೆಂಪು ಸೆರಗು

ಚುಕ್ಕೆಗಳ ನಡುಮಧ್ಯ ಎರಡೂ ಜಾಗದಲ್ಲಿ ಕೂಡಿದೆ, ಆದರೂ ಕೆಂಪು ಹೊರಗೆ ಚಾಚಿಕೊಂಡಿದೆ. ಇದು ಕೂಡಿಸುವುದರ ತಪ್ಪಲ್ಲ, ಬೀಮಿನ ಗಾತ್ರದ್ದು. ಜಾಸ್ತಿ ಪವರಿನ ಕೆಂಪು ಡಯೋಡಿನಿಂದ ಬರುವ ಬೆಳಕು ದುಂಡಗೆ ಇರುವುದಿಲ್ಲ, ಉದ್ದನೆಯ ಪಟ್ಟಿಯಂತಿರುತ್ತದೆ. ದೂರ ಹೋದಂತೆ ಹರಡುತ್ತದೆ. ಒಂದು ಮಿಲಿರೇಡಿಯನ್ ಹರಡಿದರೆ 10 ಮೀಟರಿಗೆ 10 ಮಿಲಿಮೀಟರ್ ಅಗಲವಾಯಿತು ಅಂತ ಲೆಕ್ಕ.

ಖರ್ಚಿಲ್ಲದ ಮೊದಲ ಕೆಲಸ: ಕೆಂಪು ಮಾಡ್ಯೂಲ್‌ನ ಲೆನ್ಸನ್ನು ನಿಧಾನ ತಿರುಗಿಸಿ, ದೂರದ ಗೋಡೆಯಲ್ಲಿ ಅತಿ ಚಿಕ್ಕ ಚುಕ್ಕೆ ಮಾಡಿ. ಲೆನ್ಸ್ ತಿರುಗಿಸಿದರೆ ಬೀಮಿನ ದಿಕ್ಕೂ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಈ ಕೆಲಸ ಕೂಡಿಸುವ ಮೊದಲೇ ಆಗಬೇಕು. ಅದಾದ ಮೇಲೂ ಪಟ್ಟಿ ಉಳಿದರೆ ಸಿಲಿಂಡರ್ ಲೆನ್ಸಿನ ಜೋಡಿ ಬೇಕು. ಅದು ಒಂದು ದಿಕ್ಕಿನ ಹರಡುವಿಕೆಯನ್ನಷ್ಟೇ ಕುಗ್ಗಿಸುತ್ತದೆ. ನನ್ನ ಮಾತು ಕೇಳಿದರೆ, ಮನೆಯ ಕಾರ್ಯಕ್ರಮಕ್ಕೆ ತೆಳು ಸೆರಗನ್ನು ಸಹಿಸಿಕೊಳ್ಳಿ. ಹತ್ತು ಮೀಟರ್ ಆಚೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಎರಡು ಕೆಂಪು ಡಯೋಡನ್ನು ಪೋಲರೈಸಿಂಗ್ ಕ್ಯೂಬಿನಲ್ಲಿ (ಎರಡು ಬೀಮನ್ನು ಒಂದು ಮಾಡುವ ಗಾಜಿನ ದಾಳ) ಸೇರಿಸಿದ್ದರೆ ಎರಡರ ಪಟ್ಟಿಯೂ ಒಂದೇ ದಿಕ್ಕಿಗಿದೆಯಾ ಅಂತಲೂ ನೋಡಿ. ಅಡ್ಡಡ್ಡ ಬಿದ್ದಿದ್ದರೆ ಕೆಂಪು ಪ್ಲಸ್ (+) ಗುರುತಿನಂತೆ ಕಾಣುತ್ತದೆ.

## ಚಿತ್ರದ ಒಂದು ಮೂಲೆಯಲ್ಲಿ ಬಣ್ಣ ಬದಲಾಗುತ್ತದೆ

ನಡುವೆ ಬಿಳಿ, ಬಲ ಅಂಚಿಗೆ ಹೋದರೆ ಹಳದಿ. ಅಂದರೆ ಅಲ್ಲಿ ನೀಲಿ ಕಮ್ಮಿಯಾಗುತ್ತಿದೆ. ಗ್ಯಾಲ್ವೋದ ಕನ್ನಡಿ ಕೆಲವೇ ಮಿಲಿಮೀಟರ್ ಅಗಲ. ನೀಲಿ ಬೀಮ್ ಅದರ ಅಂಚಿಗೆ ಬೀಳುತ್ತಿದ್ದರೆ ಕನ್ನಡಿ ತಿರುಗಿದಾಗ ಅರ್ಧ ಹೊರಗೆ ಚೆಲ್ಲುತ್ತದೆ. ಗೋಡೆಯ ಚುಕ್ಕೆ ಕತ್ತರಿಸಿದ ಚಂದ್ರನಂತೆ ಕಾಣುತ್ತದೆ. ಚೆಲ್ಲಿದ ಬೆಳಕು ಪೆಟ್ಟಿಗೆಯೊಳಗೆ ಎಲ್ಲೆಲ್ಲೋ ಹೊಡೆಯುತ್ತದೆ ಅನ್ನುವುದು ನೆನಪಿರಲಿ. ಮದ್ದು ಮೇಲಿನದೇ, ಹತ್ತಿರದ ಜೋಡಣೆ ಸರಿಮಾಡುವುದು.

## ಪಕ್ಕದಲ್ಲೊಂದು ಮಂದ ಚುಕ್ಕೆ

ಡೈಕ್ರೋ ಗಾಜಿಗೆ ಎರಡು ಮುಖ. ಲೇಪನ ಇರುವ ಮುಖ ತಿರುಗಿಸಬೇಕಾದ ಬಣ್ಣದ ಕಡೆಗಿರಬೇಕು. ಉಲ್ಟಾ ಕೂರಿಸಿದರೆ ಬೆಳಕು ಗಾಜಿನೊಳಗೆ ಹೋಗಿ ಹಿಂಬದಿಯಿಂದ ತಿರುಗಿ ಬರುತ್ತದೆ, ಎರಡು ಚುಕ್ಕೆಯಾಗುತ್ತದೆ. ಪೆನ್ಸಿಲ್ ತುದಿಯನ್ನು ಗಾಜಿಗೆ ತಾಗಿಸದಂತೆ ಹತ್ತಿರ ಹಿಡಿದು ನೋಡಿ. ತುದಿಯೂ ಅದರ ಬಿಂಬವೂ ಸೇರಿಕೊಳ್ಳುವಂತಿದ್ದರೆ ಅದು ಲೇಪನದ ಮುಖ. ನಡುವೆ ಗಾಜಿನ ದಪ್ಪದಷ್ಟು ಸಂದು ಉಳಿದರೆ ಹಿಂಬದಿ. ಇದನ್ನು ಲೇಸರ್ ಆರಿಸಿ ಮಾಡಿ.

ಚುಕ್ಕೆಯಲ್ಲ, ಸುತ್ತ ಮಂಜಿನಂತೆ ಇದ್ದರೆ ಕೊಳಕು. ಫಾಗ್ ಮೆಷಿನ್ ಹಾಕಿದ ಕಾರ್ಯಕ್ರಮದ ಮಾರನೇ ದಿನ ಹೊರಗಿನ ಗಾಜನ್ನು ನೋಡಿ, ಜಿಡ್ಡಿನ ಪೊರೆ ಇರುತ್ತದೆ. ಮೊದಲು ಊದುವ ಬಲ್ಬಿನಿಂದ ಧೂಳು ತೆಗೆಯಿರಿ, ಆಮೇಲೆ ಲೆನ್ಸ್ ಟಿಶ್ಯೂಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ಸಲ ಎಳೆಯಿರಿ. ಪಂಚೆಯ ಚುಂಗಿನಿಂದ ಉಜ್ಜಿದರೆ ಲೇಪನ ಹೋಯಿತು.

ಒಳಗೆ ಬೆಳಕು ಎಲ್ಲಿ ತಾಗಿ ಚಿಮ್ಮುತ್ತಿದೆ ಅಂತ ಹುಡುಕಲು ಊದುಬತ್ತಿ ಹೊಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೆರಡು ಎಳೆ ಹೊಗೆ ಸಾಕು, ಪೂಜೆ ಮಾಡಿದ ಹಾಗೆ ಬೇಡ.

## ಬಿಳಿ ಬೆಳ್ಳಗಿಲ್ಲ

ಕಣ್ಣಿಗೆ ಎಲ್ಲ ಬಣ್ಣವೂ ಒಂದೇ ಅಲ್ಲ. ಬೆಳಕಿನಲ್ಲಿ ನಮ್ಮ ಕಣ್ಣು 555 ನ್ಯಾನೋಮೀಟರ್ ಹತ್ತಿರದ ಹಸಿರಿಗೆ ಅತಿ ಚುರುಕು. 650ರ ಕೆಂಪು ಬಳಸಿದರೆ 638ರಷ್ಟು ಪ್ರಕಾಶ ಕಾಣಲು ಹೆಚ್ಚುಕಡಿಮೆ ದುಪ್ಪಟ್ಟು ಪವರ್ ಬೇಕು. ಹಾಗಾಗಿ ಮೂರೂ ಒಂದೊಂದು ವ್ಯಾಟ್ ಇದ್ದರೆ ಬಿಳಿ ಬರುತ್ತದೆ ಅನ್ನುವುದು ತಪ್ಪು. ಬಲಹೀನ ಬಣ್ಣವನ್ನು ಪೂರ್ತಿ ಪವರಿನಲ್ಲಿ ಇಟ್ಟು, ಉಳಿದೆರಡನ್ನು ಸಾಫ್ಟ್‌ವೇರ್‌ನಲ್ಲಿ ಇಳಿಸುತ್ತಾ ಬನ್ನಿ.

ಪೂರ್ತಿ ಪವರಿನಲ್ಲಿ ಬಿಳಿ, ಮಂದ ಮಾಡಿದರೆ ಹಸಿರು ಛಾಯೆ ಬರುತ್ತದಾ? ಪ್ರತಿ ಡಯೋಡೂ ಒಂದು ಮಟ್ಟದ ಕರೆಂಟ್ ದಾಟಿದ ಮೇಲೆಯೇ ಲೇಸರ್ ಆಗುವುದು. ಮೂರರ ಹೊಸ್ತಿಲೂ ಬೇರೆ ಬೇರೆ. ಡ್ರೈವರ್‌ನ ಬಯಾಸ್ ಸ್ಕ್ರೂನಿಂದ (ಶುರುವಿನ ಕರೆಂಟ್ ಹೊಂದಿಸುವ ಸ್ಕ್ರೂ) ಮೂರೂ ಒಟ್ಟಿಗೆ ಹೊತ್ತುವಂತೆ ಮಾಡಿ. ಆದರೆ ಸಿಗ್ನಲ್ ಸೊನ್ನೆ ಇದ್ದಾಗ ಯಾವುದೂ ಹೊತ್ತಿರಬಾರದು.

## ಮೊದಲು ಸರಿ, ಅರ್ಧ ಗಂಟೆಗೆ ಬಿಳಿ ನೀಲಿಗೆ ತಿರುಗುತ್ತದೆ

ಕೆಂಪು ಸೊರಗುತ್ತಿದೆ. 638ರ ಡಯೋಡಿಗೆ ಸೆಖೆ ಆಗದು, ಬಿಸಿಯಾದಷ್ಟೂ ಬೆಳಕು ಕಮ್ಮಿ. ಏಪ್ರಿಲ್‌ನ ರಾಯಚೂರಿನಲ್ಲಿ ನಡೆಸುವ ಪೆಟ್ಟಿಗೆಗೂ ಡಿಸೆಂಬರಿನ ಮಡಿಕೇರಿಯದಕ್ಕೂ ಒಂದೇ ಹೀಟ್ ಸಿಂಕ್ ಸಾಲದು. ಫ್ಯಾನಿನ ಧೂಳು, ಮಾಡ್ಯೂಲ್ ಕೆಳಗಿನ ಥರ್ಮಲ್ ಪೇಸ್ಟ್ ನೋಡಿ. ಪೆಲ್ಟಿಯರ್ ಕೂಲರ್ ಹಾಕಿದ್ದರೆ ತೀರ ತಣ್ಣಗೆ ಇಡಬೇಡಿ. ಕರಾವಳಿಯ ತೇವದ ಗಾಳಿಯಲ್ಲಿ ಡಯೋಡ್ ಮೇಲೆಯೇ ಬೆವರು ಕಟ್ಟುತ್ತದೆ.

ಬಣ್ಣ ಕುಗ್ಗುವ ಬದಲು ಚುಕ್ಕೆಗಳೇ ಬೇರೆಯಾಗುತ್ತಿದ್ದರೆ ತಳದ ಪ್ಲೇಟ್ ಒಂದು ಕಡೆ ಬಿಸಿಯಾಗಿ ಬಾಗುತ್ತಿದೆ. ಇಪ್ಪತ್ತು ನಿಮಿಷ ಉರಿಸಿ ಬಿಸಿಯಾದ ಮೇಲೆಯೇ ಕೂಡಿಸಿ. ಪ್ಲೇಟನ್ನು ಹೊರಪೆಟ್ಟಿಗೆಗೆ ನಾಲ್ಕು ಕಡೆ ಬಿಗಿದಿದ್ದರೆ ಮೂರಕ್ಕೆ ಇಳಿಸಿ. ಪೆಟ್ಟಿಗೆ ತಿರುಚಿದರೂ ಪ್ಲೇಟ್ ತಿರುಚುವುದಿಲ್ಲ.

## ಕೈ ಎತ್ತಬೇಕಾದಾಗ

ಗ್ಯಾಲ್ವೋ ಕಿರುಗುಟ್ಟುತ್ತಿದ್ದರೆ ಅಥವಾ ಒಂದು ಅಕ್ಷ ನಿಂತು ಚಿತ್ರ ಬರೀ ಗೆರೆಯಾದರೆ ತಕ್ಷಣ ಆಫ್ ಮಾಡಿ. ನಿಂತ ಬೀಮ್ ಎಲ್ಲಕ್ಕಿಂತ ಅಪಾಯ. ಗ್ಯಾಲ್ವೋ ಡ್ರೈವರ್‌ನ ಪುಟ್ಟ ಸ್ಕ್ರೂಗಳನ್ನು ಅಂದಾಜಿನಲ್ಲಿ ತಿರುಗಿಸಬೇಡಿ, ಅದು ಗೊತ್ತಿದ್ದವರ ಕೆಲಸ. 532ರ ಮಾಡ್ಯೂಲ್‌ನ ಒಳಗಿನ ಹರಳುಗಳನ್ನೂ ಮುಟ್ಟಬೇಡಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನಿಸಿದರೆ ಅರ್ಥಿಂಗ್ ಇಲ್ಲ ಅಂತ ಅರ್ಥ. ಎಲೆಕ್ಟ್ರಿಷಿಯನ್ ಬರುವ ತನಕ ಪ್ಲಗ್ ಹಾಕಬೇಡಿ.

ಜನರ ಮುಖದತ್ತ ಬೀಮ್ ಬಿಡುವುದು, ಆಕಾಶಕ್ಕೆ ಬಿಡುವುದು ಎರಡೂ ಬೇಡ. 2024ರಲ್ಲಿ ಪುಣೆಯ ಪೊಲೀಸರು ಗಣೇಶೋತ್ಸವದಲ್ಲಿ ಲೇಸರ್ ಬೀಮ್ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೆರವಣಿಗೆಯಲ್ಲಿ ಬಳಸುವ ಮೊದಲು ನಿಮ್ಮೂರಿನ ಠಾಣೆಯಲ್ಲಿ ಕೇಳಿಕೊಳ್ಳಿ.

ಕೆಲಸ ಮಾಡುವಾಗ ಕಣ್ಣಿಗೆ ಫಳ್ ಅಂತ ಹೊಡೆದು, ಆಮೇಲೆ ನೋಟದ ನಡುವೆ ಕಪ್ಪು ಅಥವಾ ಮಸುಕು ಮಚ್ಚೆ ಉಳಿದರೆ ರಾತ್ರಿ ಕಳೆಯಲಿ ಅಂತ ಕಾಯಬೇಡಿ. ನೋವು ಇರುವುದಿಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ. ಕಣ್ಣು ಉಜ್ಜದೆ, ಹನಿ ಹಾಕದೆ, ಅದೇ ದಿನ ರೆಟಿನಾ ನೋಡುವ ವೈದ್ಯರ ಹತ್ತಿರ ಹೋಗಿ. ಯಾವ ಬಣ್ಣ, ಎಷ್ಟು ಮಿಲಿವ್ಯಾಟ್ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಥ ಚೀಟಿ ಅಂಟಿಸಿಟ್ಟಿದ್ದೇನೆ.